ಕರಿಬಳೆ ಬಂದ ಮನೆ

ಯಾರೋ ಬೆರಳಿನ ನೆಟಿಗೆ ಮುರಿದ ಹಾಗೆ ಒಂದು ಸಣ್ಣ ಸದ್ದು. ಊರೆಲ್ಲ ಮಲಗಿದ ಮೇಲೆ, ಅಡುಗೆಮನೆಯ ಕಡೆಯಿಂದ. ನನ್ನ ನಿದ್ದೆ ಯಾವಾಗಲೂ ತೆಳು, ಎದ್ದು ಕೂತೆ. ನಮ್ಮವರು ಕಣ್ಣು ತೆರೆಯದೆ, “ಬೆಳಿಗ್ಗೆ ನೋಡುವ ಮಾರಾಯ್ತಿ, ಮಲಗು,” ಎಂದರು. ನಮ್ಮ ಊರಿನಲ್ಲಿ ನೆಲ ಸದ್ದು ಮಾಡಿದರೆ ಎಲ್ಲರೂ ಹೇಳುವುದು ಇದನ್ನೇ. ಮಗು ಕೆಮ್ಮಿದರೆ ಏಳುತ್ತಾರೆ, ದನ ಕೂಗಿದರೆ ಏಳುತ್ತಾರೆ, ನೆಲದ ಸದ್ದಿಗೆ ಯಾರೂ ಏಳುವುದಿಲ್ಲ. ಎದ್ದು ಮಾಡುವುದಾದರೂ ಏನು?

ಬೆಳಿಗ್ಗೆ ನೋಡಿದೆ. ಒಲೆಯ ಪಕ್ಕ, ಹಳದಿ ಮಣ್ಣಿನ ನೆಲದ ಮೇಲೆ ಊಟದ ತಟ್ಟೆಯಷ್ಟು ಅಗಲದ ಒಂದು ಕಪ್ಪು ವರ್ತುಲ. ಅಂಚು ಗಾಢ, ನಡು ತಿಳಿ. ಅದರಿಂದ ಒಂದು ಗೇಣು ಆಚೆ ನೆಲ ಬಿರಿದು, ಒಂದು ಕಲ್ಲಿನ ಬೋಳು ನೆತ್ತಿ ಮೇಲೆ ಬಂದಿತ್ತು. ವರ್ತುಲಕ್ಕೆ ಪುರಾತತ್ವ ಕಚೇರಿಯ ಕಾಗದದಲ್ಲಿ ‘ಕಂಬದ ಕಲೆ’ ಎಂದು ಹೆಸರು. ಊರಿನವರು ಕರಿಬಳೆ ಅನ್ನುತ್ತಾರೆ. ಎರಡು ಹೆಸರೂ ನನಗೆ ಗೊತ್ತು. ನಾನು ಊರಿನವಳೂ ಹೌದು, ಕಚೇರಿಯವಳೂ ಹೌದು.

ಕರಿಬಳೆ ಕಂಡವರು ಅದರ ಮೇಲೆ ಬುಟ್ಟಿ ಕವುಚಿ ಹಾಕಿ, ಹೊರಬಾಗಿಲಿಗೆ ಕೆಂಪು ಬಟ್ಟೆ ಕಟ್ಟಬೇಕು. ಪ್ರತಿ ಮನೆಯ ಅಟ್ಟದಲ್ಲೂ ಅದಕ್ಕೆಂದೇ ಒಂದು ಬುಟ್ಟಿ ಇರುತ್ತದೆ, ಅದರಲ್ಲಿ ಬೇರೇನನ್ನೂ ತುಂಬುವುದಿಲ್ಲ. ಕೆಂಪು ಬಟ್ಟೆ ಕೊಡುವವರು ನಮ್ಮವರೇ. ಟೈಲರ್ ಕೆಲಸದಲ್ಲಿ ಮಿಕ್ಕ ತುಂಡುಗಳನ್ನು ಒಂದು ಚೀಲದಲ್ಲಿ ಹಾಕಿಡುತ್ತಾರೆ, ಬೇಕಾದವರು ಬಂದು ಸುಮ್ಮನೆ ಒಯ್ಯುತ್ತಾರೆ.

ನಾನು ಅಟ್ಟದ ಕಡೆ ನೋಡಿದೆ. ಆಮೇಲೆ ಅಕ್ಕಿ ಡಬ್ಬವನ್ನು ಎಳೆದು ವರ್ತುಲದ ಮೇಲೆ ನಿಲ್ಲಿಸಿದೆ. ಯೋಚಿಸದೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಡಬ್ಬದ ಅಡಿ ಸಾಕಷ್ಟು ಅಗಲವಿದೆಯೇ ಎಂದು ಗೇಣು ಹಾಕಿ ನೋಡಿಯೇ ಎಳೆದದ್ದು. ಕಲ್ಲಿನ ಮೇಲೆ ಒಂದು ಗೋಣಿ ಮಡಚಿ ಹಾಕಿದೆ. ನಮ್ಮವರು ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತು ಡಬ್ಬ ನೋಡಿದರು, ಗೋಣಿ ನೋಡಿದರು, ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸಿದರು.

ನಮ್ಮ ಊರಿನ ನೆಲದೊಳಗೆ ಇರುವುದು ತಾನಾಗಿ ಮೇಲೆ ಬರುತ್ತದೆ, ಅಗೆಯಬೇಕಾಗಿಲ್ಲ. ಬಹಳ ಹಿಂದೆ ಕೆಲವು ಇಂಗ್ಲಿಷರು ಮೆಣಸಿನ ಆಸೆಗೆ ಹಡಗಿನಲ್ಲಿ ಬಂದು, ಹೊಳೆಯ ಬಾಯಲ್ಲಿ ಇಳಿದು, ಸುತ್ತ ಮರದ ಕಂಬಗಳನ್ನು ಒತ್ತಾಗಿ ನೆಟ್ಟು, ಒಳಗೆ ಗುಡಿಸಲು ಹಾಕಿಕೊಂಡು ಇದ್ದರಂತೆ. ಜ್ವರದಲ್ಲಿ ಸತ್ತವರು ಸತ್ತರು, ಉಳಿದವರು ಹಡಗು ಹತ್ತಿದರು. ಅವರ ಊರು ಮಣ್ಣಿಗೆ ಹೋಯಿತು, ಕಂಬ ಕೊಳೆತಲ್ಲಿ ಕಪ್ಪು ಕಲೆ ಉಳಿಯಿತು, ಎಲ್ಲದರ ಮೇಲೆ ನಮ್ಮ ಊರು ಕೂತಿತು. ಈಗ ಅದು ಹಿಂದಕ್ಕೆ ಬರುತ್ತಿದೆ, ಚೂರು ಚೂರಾಗಿ, ನಮ್ಮ ಮಂಚದ ಕೆಳಗೆ, ಹಟ್ಟಿಯಲ್ಲಿ, ದೇವರ ಕೋಣೆಯಲ್ಲಿ. ಹೊಗೆ ಸೇದುವ ಮಣ್ಣಿನ ಪೈಪಿನ ಬಿಳಿ ತುಂಡುಗಳು ಬಂದರೆ ಹೆಂಗಸರು ದಾರಕ್ಕೆ ಪೋಣಿಸಿ ತೊಟ್ಟಿಲಿಗೆ ಕಟ್ಟುತ್ತಾರೆ. ಬಂದೂಕಿನ ಸೀಸದ ಗೋಲಿಗಳನ್ನು ಮೀನುಗಾರರು ಬಲೆಯ ಭಾರಕ್ಕೆ ಒಯ್ಯುತ್ತಾರೆ. ಸಿಮೆಂಟು ಹಾಕಿಸಿದವರ ನೆಲ ಒಡೆದು ಹೋದದ್ದು ನೋಡಿ ಈಗ ಯಾರೂ ಹಾಕಿಸುವುದಿಲ್ಲ. ನೆಲಕ್ಕೆ ಮಸಿ ತಿಕ್ಕಿ ಕಪ್ಪು ಮಾಡುವುದನ್ನು ಕಚೇರಿ ನಿಲ್ಲಿಸಿತು, ಕಪ್ಪಿನ ಮೇಲೆ ಕಪ್ಪು ಕಾಣುವುದಿಲ್ಲವಲ್ಲ. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು, “ನಿಮ್ಮ ನೆಲ ಹೇಗೆ?” ಎಂದು ಕೇಳುತ್ತಾರೆ. ಕೇಳುವಾಗ ಕಾಲಿನ ಹೆಬ್ಬೆರಳಿನಿಂದ ಮೆಲ್ಲಗೆ ನೆಲ ಒತ್ತಿಯೂ ನೋಡುತ್ತಾರೆ.

ಸಣ್ಣಪುಟ್ಟ ಸಾಮಾನು ಬಂದರೆ ಯಾರಿಗೂ ತೊಂದರೆಯಿಲ್ಲ. ಗೋರಿ ಬಂದರೆ, ಕರಿಬಳೆ ಬಂದರೆ ಮನೆ ಬಿಡಬೇಕು. ಅದು ಕಾನೂನು. ಕಚೇರಿ ಬೇರೆ ಮನೆ ಕೊಡುತ್ತದೆ, ಅದರಲ್ಲಿ ಮೋಸವಿಲ್ಲ. ನಾವು ಹಾಗೆ ಎರಡು ಸಲ ಎದ್ದವರು. ಮೊದಲನೆಯದು ಬಂದರು ಬೀದಿಯ ಮನೆ. ಮದುವೆಯಾಗಿ ನಾನು ಬಂದ ಮನೆ. ಅಲ್ಲಿ ಒಂದು ಗೋರಿ ಬಂತು. ನಮ್ಮವರ ಗಿರಾಕಿಗಳೆಲ್ಲ ಆ ಬೀದಿಯವರು, ಎದ್ದ ಮೇಲೆ ಅರ್ಧಕ್ಕರ್ಧ ಕಡಿಮೆಯಾದರು. ಎರಡನೆಯ ಮನೆಗೆ ಗಿರಾಕಿಗಳು ಅಭ್ಯಾಸವಾಗುವಷ್ಟರಲ್ಲಿ ಕರಿಬಳೆ ಬಂತು. ಆ ಸಲ ಹೊಲಿಗೆ ಮೆಷಿನು ಹೊತ್ತು ಇವರ ಬೆನ್ನು ಹೋಯಿತು. ಈಗ ಇರುವುದು ಮೂರನೆಯ ಮನೆ. ಊರೊಳಗೆ ಕೊಡಲು ಇನ್ನು ಮನೆ ಉಳಿದಿಲ್ಲ, ಇನ್ನು ಏಳುವವರೆಲ್ಲ ಗುಡ್ಡದ ಮೇಲಿನ ಕಾಲನಿಗೆ. ಒಂದು ಕುಪ್ಪಸ ಹೊಲಿಸಲು ಯಾರು ಗುಡ್ಡ ಹತ್ತುತ್ತಾರೆ? ಎರಡನೆಯ ಸಲ ಎದ್ದ ದಿನವೇ ಇವರು ಹೇಳಿದ್ದರು, ಮೂರನೆಯ ಸಲಕ್ಕೆ ನಾನು ಏಳುವುದಿಲ್ಲ, ನೀನೊಬ್ಬಳೇ ಹೋಗು ಎಂದು. ನಗುತ್ತಲೇ ಹೇಳಿದ್ದರು. ಇವರ ನಗುವನ್ನು ನಾನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ, ಅದು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತು.

ಕಚೇರಿಯಲ್ಲಿ ನನ್ನ ಕೆಲಸ, ಕೆಂಪು ಬಟ್ಟೆ ಕಟ್ಟಿದ ಮನೆಗೆ ಹೋಗಿ, ಬುಟ್ಟಿ ಎತ್ತಿ, ಅಳೆದು, ಬರೆದುಕೊಂಡು ಬರುವುದು. ಕಾಲೇಜಿನಲ್ಲಿ ಇತಿಹಾಸ ಓದಿದವಳು ಊರಿನಲ್ಲಿ ನಾನೊಬ್ಬಳೇ ಇದ್ದುದರಿಂದ ಕಚೇರಿಯ ಮುಖ್ಯಸ್ಥರಾದ ಹೆಬ್ಬಳ್ಳಿ ಸರ್ ಸೇರಿಸಿಕೊಂಡರು. ಅವರು ಬಯಲುಸೀಮೆಯ ಕಡೆಯವರು. ಹೆಂಡತಿ ತೀರಿಕೊಂಡ ಮೇಲೂ ವರ್ಗ ಕೇಳಲಿಲ್ಲ, ಇಲ್ಲೇ ಉಳಿದರು. ಆ ತಿಂಗಳು ಅವರ ನಿವೃತ್ತಿ. ಮೊದಲ ದಿನ ಅವರು ಕಲಿಸಿದ್ದು ಒಂದೇ ಪಾಠ: “ಸಾಮಾನಕ್ಕ ಬಾಯಿಲ್ಲ ವಾರಿಜಾ. ಜಾಗಾ ಮಾತಾಡ್ತದ. ಬಂದ ಜಾಗಾದಿಂದ ಒಂದು ಗುಂಡಿ ಸರಿಸಿದ್ರೂ ಅದು ಮೂಕ ಆತು ಅಂತ ತಿಳೀರಿ.” ಗುಂಡಿ ಎಂದರೆ ಅಂಗಿಯ ಗುಂಡಿ. ಅವರ ನಕ್ಷೆಯಲ್ಲಿ ಅಂಗಿಯ ಗುಂಡಿಗೂ ಒಂದು ಚುಕ್ಕೆ ಇದೆ.

ಆ ನಕ್ಷೆಯಲ್ಲಿ ಕಂಬದ ಬೇಲಿ ಹೊಳೆಯ ಕಡೆಯಿಂದ ಹೊರಟು, ಸುತ್ತು ಹಾಕಿ, ಕಲೆ ಕಲೆಯಾಗಿ ನಮ್ಮ ಓಣಿಗುಂಟ ಮೇಲೆ ಬಂದು, ಓಣಿಯ ತುದಿಯಲ್ಲಿ ನಿಂತುಬಿಟ್ಟಿತ್ತು. ಒಂದು ಮೂಲೆ ಬಾಕಿ. ತುದಿಯಲ್ಲಿ ಎದುರುಬದುರು ಎರಡೇ ಮನೆ. ಬೇಲಿ ಎಡಕ್ಕೆ ಹೊರಳಿದರೆ ನಮ್ಮ ಮನೆ, ಬಲಕ್ಕೆ ಹೊರಳಿದರೆ ಜುಲಿಯಾನ ಬಾಯಿಯ ಬೇಕರಿ. ಒಂದು ವರ್ಷದಿಂದ ನಾವಿಬ್ಬರೂ ಬೆಳಿಗ್ಗೆ ಬಾಗಿಲು ತೆರೆದಾಗ ಮೊದಲು ಎದುರು ಮನೆಯ ಬಾಗಿಲನ್ನೇ ನೋಡುತ್ತಿದ್ದೆವು. ನೋಡಿ, ಸುಮ್ಮನೆ ನಗುತ್ತಿದ್ದೆವು.

ಆ ಮೂಲೆ ಸರ್ ಅವರಿಗೆ ಬರೀ ಮೂಲೆಯಾಗಿರಲಿಲ್ಲ. ಬೇಲಿಯೊಳಗೆ ಊರಿನವರು ಒಬ್ಬರೂ ಕಾಲಿಟ್ಟಿರಲಿಲ್ಲ ಎಂಬುದು ನಮ್ಮ ಊರಿನ ಹೆಮ್ಮೆ. ದೊಡ್ಡ ದೊಡ್ಡ ವಿದ್ವಾಂಸರೂ ಹಾಗೆಯೇ ಬರೆದಿದ್ದಾರೆ. ಸರ್ ಒಬ್ಬರೇ, ಒಳಗೆ ಅಡುಗೆಗೆ ಇಲ್ಲಿಯ ಹೆಂಗಸೊಬ್ಬಳು ಇದ್ದಿರಲೇಬೇಕು, ಅಡುಗೆಯ ಜಾಗ ಆ ಮೂಲೆಯಲ್ಲೇ ಇರಬೇಕು ಎಂದು ಯಾವುದೋ ಸಭೆಯಲ್ಲಿ ಹೇಳಿ ನಗೆಪಾಟಲಾಗಿ ಬಂದಿದ್ದರು. “ಯಾರು ಸತ್ತ್ರು, ಯಾರು ಗೆದ್ದ್ರು, ಎಲ್ಲಾ ಬರ್ದಾರ. ಅನ್ನಾ ಯಾರು ಬೇಸಿದ್ರು ಅಂತ ಒಬ್ಬನೂ ಬರ್ದಿಲ್ಲ ನೋಡ್ರಿ,” ಎಂದು ಆಗಾಗ ಅನ್ನುತ್ತಿದ್ದರು.

ಆ ಬೆಳಿಗ್ಗೆ ನಾನು ಡಬ್ಬ ಎಳೆದಿಟ್ಟು, ಸೀರೆ ಬದಲಿಸಿ, ಬಾಗಿಲು ತೆರೆದರೆ ಜುಲಿಯಾನ ಬಾಯಿಯ ಬಾಗಿಲಲ್ಲಿ ಕೆಂಪು ಬಟ್ಟೆ.

ನನ್ನ ಬಾಗಿಲನ್ನು ಎಳೆದುಕೊಂಡೆ. ಆಮೇಲೆ ಓಣಿ ದಾಟಿದೆ. ಬಾಯಿ ಹಿಟ್ಟು ನಾದುವ ಹಲಗೆಯ ಪಕ್ಕ ಕೂತಿದ್ದರು, ಮೊಣಕೈವರೆಗೆ ಹಿಟ್ಟು. ಅವರ ಹಿಂದೆ ಭಟ್ಟಿ ಆಗಲೇ ಕಾದಿತ್ತು. ಅವರ ಮಾವ ಕಟ್ಟಿದ ಭಟ್ಟಿ. ನಾನು ಕಂಡಂತೆ ಅದು ಪೂರ್ತಿ ತಣ್ಣಗಾದದ್ದು ಗುಡ್ ಫ್ರೈಡೇ ದಿನ ಮಾತ್ರ. ಅದನ್ನು ಕಿತ್ತು ಒಯ್ಯುವಂತಿಲ್ಲ. ಗುಡ್ಡದ ಮೇಲೆ ಹೊಸತು ಕಟ್ಟಿದರೂ ಅಲ್ಲಿಯ ಗಾಳಿಗೆ ಕಾವು ನಿಲ್ಲುವುದಿಲ್ಲ. ಇದನ್ನೆಲ್ಲ ಅವರು ನನಗೆ ಮೊದಲೇ ಎಷ್ಟೋ ಸಲ ಹೇಳಿದ್ದರು, ಆಗ ಮತ್ತೆ ಹೇಳಲಿಲ್ಲ. ಬುಟ್ಟಿಯ ಕಡೆ ಗದ್ದ ಎತ್ತಿ ತೋರಿಸಿದರು.

“ಬಂದೇ ಬಿಟ್ರು ನೋಡು ವಾರಿಜಾ,” ಎಂದರು. “ಇಷ್ಟು ವರ್ಷ ನನ್ನ ಪಾವಿನ ವಾಸನೆ ಕುಡಿದು ಕುಡಿದು ಹಸಿವಾಗಿರಬೇಕು ನೆಲದೊಳಗಿನ ಇಂಗ್ಲಿಷರಿಗೆ.”

ನಾನು ಬುಟ್ಟಿ ಎತ್ತಿದೆ. ವರ್ತುಲ ಇತ್ತು. ಅಂಚು ಗಾಢ, ನಡು ತಿಳಿ, ಅಗಲವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಬಗ್ಗಿದಾಗ ಹುಳಿ ವಾಸನೆ ಬಂತು. ಬಾಯಿ ಹಿಟ್ಟು ಹುಳಿಬರಿಸುವುದು ಕಳ್ಳಿನಲ್ಲಿ. ಕಳ್ಳಿನ ಮಡಕೆಯನ್ನು ಅವರು ಭಟ್ಟಿಯ ಕಾವು ಸಿಗಲೆಂದು ಯಾವಾಗಲೂ ಅಲ್ಲೇ ಇಡುತ್ತಿದ್ದರು. ಈಗ ಮಡಕೆ ಕಿಟಕಿಯ ಕೆಳಗಿತ್ತು. ಅಡಿ ಜಿನುಗುತ್ತಿದೆ ಎಂದು ಹಿಂದಿನ ದಿನ ಬದಲಿಸಿದ ಹೊಸ ಮಡಕೆ. ಹಳೆಯದು ಕೂತಲ್ಲಿ ನೆಲ ಕಪ್ಪಾಗಿದೆ, ಅಷ್ಟೆ. ಬೇರೆ ಯಾವ ಊರಿನ ಹೆಂಗಸಾದರೂ ಅದರ ಮೇಲೆ ನಾಲ್ಕು ತಂಬಿಗೆ ನೀರು ಸುರಿದು ಉಜ್ಜುತ್ತಿದ್ದಳು. ನಮ್ಮ ಊರಿನವರಿಗೆ ನೆಲದ ಮೇಲೆ ಗುಂಡಗೆ ಕಪ್ಪಗೆ ಏನು ಕಂಡರೂ ಕೈಕಾಲು ಬಿದ್ದುಹೋಗುತ್ತದೆ. ನೀರು ಮುಟ್ಟಿಸದೆ ಬುಟ್ಟಿ ಹುಡುಕುತ್ತಾರೆ.

ನಾನು ಬುಟ್ಟಿಯನ್ನು ಮತ್ತೆ ಕವುಚಿದೆ. ಇದು ಮಡಕೆಯ ಗುರುತು ಎಂದರೆ ಬೇಲಿ ಬಲಕ್ಕೆ ಹೊರಳಿಲ್ಲ ಎಂದಾಗುತ್ತದೆ. ಬಲಕ್ಕೆ ಇಲ್ಲವಾದರೆ ಎಡಕ್ಕೆ. ಮಗುವಿಗೂ ಗೊತ್ತಾಗುವ ಲೆಕ್ಕ.

ಸರ್ ಬಂದರು. ಸೊಂಟ ಹಿಡಿದು ಕೂತು ಟೇಪು ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಕಲೆಯನ್ನು ನಡುವೆ ಸೀಳಿ, ಅರ್ಧ ಮಣ್ಣು ತೆಗೆದು, ಕಪ್ಪು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡುವುದು ನಮ್ಮ ಪದ್ಧತಿ. ಕಂಬದ ಕಲೆಯಾದರೆ ಮೊಣಕೈ ಆಳ ಇಳಿದಿರುತ್ತದೆ. ಆ ಕೆಲಸ ನನ್ನದು, ಕರಣಿ ನನ್ನ ಚೀಲದಲ್ಲೇ ಇತ್ತು. ನಾನು, ಸರ್, ಇಲ್ಲಿ ಬೆಳಕು ಸಾಲದು, ನಾಳೆ ಕತ್ತರಿಸೋಣ ಎಂದೆ. ಸರ್ ನನ್ನ ಮುಖ ನೋಡಿದರು. ಭಟ್ಟಿಯ ಬಾಯಿಯಿಂದ ಬೆಳಕು ನೇರವಾಗಿ ಅದರ ಮೇಲೆಯೇ ಬೀಳುತ್ತಿತ್ತು. ಅವರು, ಆಗಲಿ ನಾಳೆ ನೋಡೂಣು ಎಂದರು. ಬಾಯಿ ನಮ್ಮಿಬ್ಬರಿಗೂ ಬಿಸಿ ಪಾವು ಕಟ್ಟಿಕೊಟ್ಟರು. ಬೇಡ ಅನ್ನಲು ಆಗಲಿಲ್ಲ.

ಅಂದು ಕಚೇರಿಯಲ್ಲಿ ನಾನು ಮಾಡಿದ ಕೆಲಸ ಏನೂ ನೆನಪಿಲ್ಲ. ಪಾವಿನ ಪೊಟ್ಟಣ ಮೇಜಿನ ಮೇಲೆ ತಣ್ಣಗಾಯಿತು. ಯಾರು ಒಳಗೆ ಬಂದರೂ ನನ್ನ ಕೈ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಅಕ್ಕಿ ಡಬ್ಬ ಎಳೆದ ಗೆರೆ ನೆಲದ ಮೇಲೆ ಉಳಿದಿದೆಯೇ, ಒರೆಸಿದೆನೇ ಎಂದು ನೆನಪು ಮಾಡಿಕೊಳ್ಳುತ್ತಾ ಕೂತೆ.

ಸಂಜೆ ಮನೆಗೆ ಬಂದರೆ ಗೋಣಿ ಇರಲಿಲ್ಲ. ಕಲ್ಲಿನ ನೆತ್ತಿಯೂ ಇರಲಿಲ್ಲ. ಅದು ಇದ್ದಲ್ಲಿ ಹಳದಿ ಮಣ್ಣು ತುಂಬಿ, ತಟ್ಟಿ, ಸೆಗಣಿ ಸಾರಿಸಿತ್ತು. ಇನ್ನೂ ಹಸಿ. ನಮ್ಮ ಕಡೆಯುವ ಕಲ್ಲಿನ ಗುಣಿಯಲ್ಲಿ ನಮ್ಮ ಗುಂಡಿನ ಪಕ್ಕ ಇನ್ನೊಂದು ಗುಂಡು, ತೊಳೆದು ಒರಗಿಸಿಟ್ಟದ್ದು. ನೆಲದಿಂದ ಬಂದದ್ದು ಅದು. ಪೀಪಾಯಿ ಅಲ್ಲ, ಫಿರಂಗಿ ಅಲ್ಲ, ಗೋರಿಕಲ್ಲು ಅಲ್ಲ. ಮಸಾಲೆ ಕಡೆಯುವ ಒಂದು ಗುಂಡು. ನಮ್ಮ ಗುಣಿಗೆ ಸರಿಯಾಗಿ ಕೂತಿತ್ತು.

ಇವರು ಮೆಷಿನಿನ ಮುಂದೆ ಇದ್ದರು. ತಲೆ ಎತ್ತಲಿಲ್ಲ.

“ತೆಗೆದಿರಾ?” ಎಂದೆ.

“ಅದು ಕಲ್ಲು. ಕಲ್ಲಿಗೆ ಎಂತ?”

ಸರ್ ಹೇಳಿದ ಪಾಠ, ಜಾಗ, ಮೂಕವಾಗುವುದು, ಎಲ್ಲವೂ ನನ್ನ ನಾಲಗೆಯ ತುದಿಗೆ ಬಂತು. ಎಷ್ಟು ಮನೆಗಳಲ್ಲಿ ಎಷ್ಟು ಜನರಿಗೆ ನಾನು ಅದನ್ನು ಬುದ್ಧಿ ಹೇಳುವ ದನಿಯಲ್ಲಿ ಹೇಳಿದ್ದೆ. ಇವರು ಕಾಲು ನಿಲ್ಲಿಸಿದರು, ಮೆಷಿನಿನ ಚಕ್ರ ಒಂದು ಸುತ್ತು ತಾನಾಗಿ ತಿರುಗಿ ನಿಂತಿತು.

“ನಿನಗೆ ಬೇಕಾದರೆ ಬುಟ್ಟಿ ಹಾಕು,” ಎಂದರು. “ಕೆಂಪು ಬಟ್ಟೆ ಚೀಲದಲ್ಲಿ ಉಂಟು. ಬೇಕಾದಷ್ಟು ಉಂಟು. ನಾನು ಮಾತ್ರ ಏಳುದಿಲ್ಲ. ಸಿಟ್ಟಲ್ಲಿ ಹೇಳುದಲ್ಲ ವಾರಿಜಾ. ಏಳಲಿಕ್ಕೆ ಆಗುದಿಲ್ಲ.”

ನಿಂತ ಚಕ್ರದ ಮೇಲೆ ಕೈಯಿಟ್ಟು, ಎದುರು ಮನೆಗೂ ಬಂತಂತಲ್ಲ ಎಂದು ಕೇಳಿದರು. ಬಂತು ಅಂತ ಬಾಯಿ ಹೇಳುತ್ತಾರೆ ಎಂದೆ. ಹಾಗಾದರೆ ಆಯಿತಲ್ಲ ಎಂದು ಮತ್ತೆ ಮೆಷಿನು ತುಳಿದರು. ಅದು ಮಡಕೆಯ ಗುರುತು ಎಂದು ನಾನು ಹೇಳಲಿಲ್ಲ. ರಾತ್ರಿಯ ಚಟ್ನಿಗೆ ತೆಂಗಿನಕಾಯಿ ತುರಿದು ಕಲ್ಲಿನ ಮುಂದೆ ಕೂತಾಗ ಕೈ ಹೊಸ ಗುಂಡಿಗೇ ಹೋಯಿತು. ಹೊಸತು ಎಂದರೆ ಹಳೆಯದು. ಅದರ ಒಂದು ಬದಿಯಲ್ಲಿ ಹಿಡಿದು ಹಿಡಿದು ಸವೆದ ತಗ್ಗು ಇತ್ತು. ನನ್ನ ಬಲಗೈ ಅದಕ್ಕೆ ಕೂರಲಿಲ್ಲ. ಎಡಗೈ ಇಟ್ಟೆ, ಕೂತಿತು. ಊಟ ಮಾಡುವಾಗ ನಾನು ಬೇರೆ ಏನಾದರೂ ರುಚಿ ಇದೆಯೇ ಎಂದು ಹುಡುಕಿದೆ. ಏನೂ ಇರಲಿಲ್ಲ. ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಸದ್ದಲ್ಲ, ವಾಸನೆ ಇಲ್ಲದಿರುವುದು. ಈ ಮನೆಗೆ ಬಂದಂದಿನಿಂದ ನಾನು ಪಾವಿನ ವಾಸನೆಗೆ ಕಣ್ಣು ಬಿಟ್ಟವಳು. ಅಂದು ಗಾಳಿ ಬರೀ ಗಾಳಿಯಾಗಿತ್ತು. ಕಿಟಕಿಯಿಂದ ನೋಡಿದೆ. ಬೇಕರಿಯ ಮುಂದೆ ನಿತ್ಯದ ಗಿರಾಕಿಗಳು ಚೀಲ ಹಿಡಿದು ನಿಂತಿದ್ದರು, ಯಾರೂ ಕೇಳುತ್ತಿರಲಿಲ್ಲ, ಯಾರೂ ಹೋಗುತ್ತಲೂ ಇರಲಿಲ್ಲ. ಬಾಯಿ ತಟ್ಟೆಗಳನ್ನು, ಡಬ್ಬಿಗಳನ್ನು, ಹಿಟ್ಟಿನ ಜರಡಿಯನ್ನು ಒಂದೊಂದಾಗಿ ಹೊರಗೆ ತಂದು ಜಗಲಿಯ ಮೇಲೆ ಜೋಡಿಸುತ್ತಿದ್ದರು. ಬೇಕಾದವರು ಒಯ್ಯಿರಿ ಎಂದು ಯಾರಿಗೋ ಹೇಳುವುದು ಕೇಳಿಸಿತು. ನಾವು ಎರಡನೆಯ ಮನೆಯಿಂದ ಎದ್ದಾಗ ನಾನೂ ಹೀಗೆಯೇ ಸೇರು, ಸೌಟು ಜೋಡಿಸಿಟ್ಟಿದ್ದೆ. ಅವನ್ನು ಕೊಂಡುಹೋದವರ ಮುಖ ಇನ್ನೂ ನೆನಪಿದೆ. ಅವರಿಗೆ ಸಂಕೋಚವಿತ್ತು, ಆದರೂ ಕೊಂಡುಹೋದರು.

ಕರಣಿ ಹಿಡಿದು ಓಣಿ ದಾಟಿದೆ. ಸರ್ ಆಗಲೇ ಬಂದು, ಹಿಟ್ಟಿನ ಡಬ್ಬದ ಮೇಲೆ ಕೂತಿದ್ದರು. ನಾನು ಬುಟ್ಟಿ ಎತ್ತಿ, ವರ್ತುಲದ ನಡುವೆ ದಾರ ಹಿಡಿದು, ಅರ್ಧ ಸೀಳಿದೆ. ಒಂದು ಬೆರಳ ದಪ್ಪ ಕಪ್ಪು. ಅದರ ಕೆಳಗೆ ಹಳದಿ ಮಣ್ಣು, ಗಟ್ಟಿ, ಎಂದೂ ಯಾರೂ ಅಲುಗಿಸದ್ದು. ಇನ್ನೂ ಸ್ವಲ್ಪ ಕೆರೆದೆ, ಅಗತ್ಯವಿರಲಿಲ್ಲ, ಆದರೂ ಕೆರೆದೆ.

“ಇದು ಕಂಬದ ಕಲೆ ಅಲ್ಲ ಸರ್,” ಎಂದೆ. “ಕಳ್ಳಿನ ಮಡಕೆ ಕೂತ ಗುರುತು.”

 ಸರ್ ಬಗ್ಗಿ ಒಂದು ಚಿಟಿಕೆ ಮಣ್ಣು ಮೂಸಿದರು. ಜುಲಿಯಾನ ಬಾಯಿ ಕಿಟಕಿಯ ಕೆಳಗಿದ್ದ ಮಡಕೆ ನೋಡಿದರು, ನೆಲ ನೋಡಿದರು, ಮತ್ತೆ ಮಡಕೆ ನೋಡಿದರು. ಆಮೇಲೆ ಹಲಗೆಯ ಮೇಲೆ ಕೂತು ನಗತೊಡಗಿದರು. ನಗುತ್ತಾ ನಗುತ್ತಾ ಸೆರಗು ಕಣ್ಣಿಗೆ ಒತ್ತಿಕೊಂಡರು. ನನ್ನ ಮಡಕೆಗೆ ನಾನೇ ಬುಟ್ಟಿ ಹಾಕಿ ಕೂತೆನಲ್ಲ, ರಾತ್ರಿಯೆಲ್ಲ ಜಪಮಾಲೆ ತಿರುಗಿಸಿದೆನಲ್ಲ, ಮೇರಿ ಮಾತೆಗೂ ನಗು ಬಂದಿರಬೇಕು ಎಂದು ಹೊರಗಿದ್ದವರಿಗೆಲ್ಲ ಕೇಳಿಸುವ ಹಾಗೆ ಹೇಳಿದರು. ಹೊರಗಿನಿಂದ ಯಾರೋ, ಬಾಯಿ, ಭಟ್ಟಿಯ ಮೇಲೂ ಒಂದು ಬುಟ್ಟಿ ಕವುಚಿಡಿ, ಅದೂ ಗುಂಡಗೇ ಉಂಟಲ್ಲ ಎಂದರು. ಎಲ್ಲರೂ ನಕ್ಕರು. ಜರಡಿ ಒಯ್ದಿದ್ದ ಹೆಂಗಸು ಸದ್ದಿಲ್ಲದೆ ಅದನ್ನು ಜಗಲಿಯ ಮೇಲೆ ಇಟ್ಟು ಹೋದಳು.

ಸರ್ ಮಾತ್ರ ನಗಲಿಲ್ಲ. ನಕ್ಷೆ ತೆರೆದು, ಓಣಿಯ ತುದಿಯ ಮೇಲೆ ಪೆನ್ಸಿಲಿನ ಮೊನೆ ಇಟ್ಟು, ಬಹಳ ಹೊತ್ತು ಕೂತರು. ಪೆನ್ಸಿಲು ಬಲಕ್ಕೂ ಹೋಗಲಿಲ್ಲ, ಎಡಕ್ಕೂ ಹೋಗಲಿಲ್ಲ. ಕೊನೆಗೆ ನಕ್ಷೆ ಸುತ್ತಿ, ಸಂಜಿಗೆ ಚಾ ಕುಡಿಯಾಕ ನಿಮ್ಮ ಮನಿಗೆ ಬರ್ತೇನಿ ಎಂದರು.

ನಾನು ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಡಬ್ಬ ಸರಿಸಲೇ, ಬುಟ್ಟಿ ಹಾಕಲೇ, ಗುಂಡನ್ನು ಬಾವಿಗೆ ಹಾಕಲೇ ಎಂದು ಅಡುಗೆಮನೆಯಲ್ಲಿ ನಿಂತೇ ಇದ್ದೆ.  ಕೊನೆಗೆ ದೋಸೆ ಹಿಟ್ಟು ಇತ್ತಲ್ಲ ಎಂದು ಚಟ್ನಿಗೆ ಕಡೆದೆ. ಇವರು ಹೊಲಿದ ಕುಪ್ಪಸಗಳನ್ನು ಮದುವೆ ಮನೆಗೆ ಮುಟ್ಟಿಸಲು ಹೋಗಿದ್ದರು.

ಸರ್ ಬರುವಾಗ ಕೈಯಲ್ಲಿ ಟೇಪು ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಬರೀ ಕೊಡೆ. ನಮ್ಮ ಮುಂದಿನ ಕೋಣೆಯ ತುಂಬ ಬಟ್ಟೆ, ಹಾಗಾಗಿ ಬಂದವರನ್ನು ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸುವುದು ರೂಢಿ. ಅವರು ಮುಂಚೆಯೂ ಹಾಗೆ ಕೂತವರೇ. ಚಾ ಕೊಟ್ಟೆ. ಅವರು ಲೋಟ ಹಿಡಿದು ನೆಲ ನೋಡಲಿಲ್ಲ. ನೆಲವನ್ನಲ್ಲದೆ ಬೇರೇನನ್ನೂ ನೋಡದ ಮನುಷ್ಯ, ಗೋಡೆ ನೋಡಿದರು, ಸೂರು ನೋಡಿದರು, ಅಲ್ಲಿಂದ ಕಣ್ಣು ಕಡೆಯುವ ಕಲ್ಲಿಗೆ ಇಳಿಯಿತು.

“ಒಂದು ಕಲ್ಲಿಗೆ ಎರಡು ಗುಂಡು ಯಾಕ್ರಿ?”

ಅವರು ಕೇಳಬಹುದಾದ ಎಲ್ಲದಕ್ಕೂ ನಾನು ಉತ್ತರ ಕಟ್ಟಿಕೊಂಡಿದ್ದೆ, ಇದೊಂದನ್ನು ಬಿಟ್ಟು.

“ಒಂದು ಅಜ್ಜಿಯದ್ದು ಸರ್,” ಎಂದೆ.

ಅವರು ಲೋಟ ಕೆಳಗಿಟ್ಟು, ಮೊಣಕಾಲಿನ ಮೇಲೆ ಕೈಯೂರಿ ಮುಂದೆ ಸರಿದರು. ಎರಡರಲ್ಲಿ ನೆಲದಿಂದ ಬಂದದ್ದನ್ನೇ ಎತ್ತಿಕೊಂಡರು. ಬೆಳಕಿಗೆ ಹಿಡಿದು ತಿರುಗಿಸಿದರು. ಹೆಬ್ಬೆರಳು ಸವೆದ ತಗ್ಗನ್ನು ಹುಡುಕಿಕೊಂಡು ಹೋಯಿತು, ಸಿಕ್ಕಿತು. ಬಲಗೈಯಿಂದ ಎಡಗೈಗೆ ಬದಲಿಸಿದರು. ಆಗ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ, ಕೈ ನೋಡುತ್ತಾ ಕೂತೆ. ಮುದುಕರ ಕೈ, ಚರ್ಮ ಸಡಿಲ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ನಮ್ಮ ಊರಿನ ಹಳದಿ ಮಣ್ಣು. 

“ಅಕ್ಕಿ ಡಬ್ಬಿ ಒಲಿ ಬಾಜೂಕ ಇಟ್ಟೀರಿ,” ಎಂದರು, ಡಬ್ಬದ ಕಡೆ ತಿರುಗದೆ. “ಕಾವಿಗೆ ಹುಳಾ ಬೀಳ್ತಾವಲ್ಲ.”

“ಹೌದು ಸರ್.”

ಇನ್ನು ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಧೈರ್ಯದಿಂದ ಕೇಳಿದ್ದಲ್ಲ, ಸುಸ್ತಾಗಿ ಕೇಳಿದ್ದು: “ಡಬ್ಬ ತೆಗೆಯಲಾ ಸರ್?”

 ಎದುರು ಮನೆಯಿಂದ ಭಟ್ಟಿಗೆ ಕಟ್ಟಿಗೆ ಒಟ್ಟುವ ಸದ್ದು ಬರುತ್ತಿತ್ತು. ಮುಂದಿನ ಕೋಣೆಯ ಮೆಷಿನಿನ ಮೇಲೆ ಅರ್ಧ ಹೊಲಿದ ಒಂದು ಕುಪ್ಪಸ ಹಾಗೇ ಇತ್ತು, ಅಲ್ಲಿಗೆ ಅವರ ಕಣ್ಣು ಹೋಗಿ ಬಂತು. ನಮ್ಮ ಮೊದಲ ಮನೆಯ ಗೋರಿ ಅಳೆದವರೂ ಸರ್, ಎರಡನೆಯ ಮನೆಯ ಬುಟ್ಟಿ ಎತ್ತಿದವರೂ ಸರ್.

“ಇದರಾಗ ಚಟ್ನಿ ಅರದೀರೇನು?” ಎಂದರು ಕೊನೆಗೆ.

“ಹೌದು. ನಿನ್ನೆ. ಇವತ್ತೂ.”

ಬೈಯುತ್ತಾರೆ ಎಂದುಕೊಂಡೆ. ಮುಟ್ಟಬಾರದ್ದನ್ನು ಮುಟ್ಟಿ, ತೊಳೆಯಬಾರದ್ದನ್ನು ತೊಳೆದು, ಮೇಲಿಂದ ಅದರಲ್ಲಿ ಅಡುಗೆ ಮಾಡಿದ್ದೆವು. ಇಷ್ಟು ವರ್ಷ ಅವರು ಕೇಳುತ್ತಾ ಬಂದ ಪ್ರಶ್ನೆಗೆ ನೆಲ ಉತ್ತರ ಕೊಟ್ಟಿತ್ತು, ನಾವು ಆ ಉತ್ತರವನ್ನು ತೊಳೆದು ಹಾಕಿದ್ದೆವು. ಆದರೂ ಡಬ್ಬ ಸರಿಸಿದರೆ ಕಲೆ ಇತ್ತು, ಕಲೆಯ ಪಕ್ಕ ಹಸಿ ಮಣ್ಣು ತುಂಬಿದ ಗುಳಿ ಇತ್ತು. ಅವರಂಥವರಿಗೆ ಅಷ್ಟು ಸಾಕು. ತಿಂಗಳು ಮುಗಿಯುವುದರೊಳಗೆ ನಕ್ಕವರ ಮುಂದೆ ನಿಂತು ಹೇಳಬಹುದಿತ್ತು.

“ಒಂದೀಟು ಹಾಕ್ರಿ,” ಎಂದರು.

ದೋಸೆ ಹೊಯ್ದು, ಚಟ್ನಿ ಹಾಕಿ ತಟ್ಟೆ ಮುಂದಿಟ್ಟೆ. ಗುಂಡನ್ನು ಮಡಿಲ ಹತ್ತಿರ ಇಟ್ಟುಕೊಂಡೇ ತಿಂದರು. ನಿಧಾನವಾಗಿ, ಪ್ರತಿ ತುತ್ತನ್ನೂ ಸ್ವಲ್ಪ ಹೊತ್ತು ಬಾಯಲ್ಲಿ ನಿಲ್ಲಿಸಿ. ಇನ್ನೊಂದು ಹಾಕಲೇ ಎಂದರೆ ತಲೆಯಾಡಿಸಿದರು, ಚಟ್ನಿ ಮಾತ್ರ ಮತ್ತೆ ಹಾಕಿಸಿಕೊಂಡು ಬೆರಳಿನಿಂದ ಬಳಿದು ತಿಂದರು. ಕೈ ತೊಳೆದು ಬಂದು, ಗುಂಡನ್ನು ಎತ್ತಿ, ತಾವೇ ಗುಣಿಯಲ್ಲಿ ನಮ್ಮ ಗುಂಡಿನ ಪಕ್ಕ ಒರಗಿಸಿ, ಉರುಳದಂತೆ ಒಮ್ಮೆ ಒತ್ತಿ ನೋಡಿದರು.

“ಅಜ್ಜೀದು ಅಂದ್ರೆಲ್ಲ,” ಎಂದರು. “ಯಾರದರ ಅಜ್ಜೀದು ಇದ್ದಽ ಇರ್ತದ. ಇರ್ಲಿ ಬಿಡ್ರಿ.”

ಹೊರಗೆ ಜುಲಿಯಾನ ಬಾಯಿ ಜಗಲಿಯ ಮೇಲಿನ ತಟ್ಟೆಗಳನ್ನು ಒಳಗೆ ಸಾಗಿಸುತ್ತಿದ್ದರು. ಹಾಗಾದರೆ ಬೇಲಿ ಎತ್ತ ಹೋಯಿತು ಸರ್ ಎಂದು ಓಣಿಯ ಆಚೆಯಿಂದ ಕೇಳಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಸರ್ ಕೊಡೆ ಬಿಚ್ಚಿದರು, ಬಿಸಿಲೇನೂ ಇರಲಿಲ್ಲ.

“ಇಲ್ಲಿಗೆ ಬಂದು ಮುರದದ ಬಾಯಿ,” ಎಂದರು. “ಎಲ್ಲಾ ಬೇಲಿಗೂ ನಾಕು ಮೂಲಿ ಇರಬೇಕಂತ ಎಲ್ಲದ?”

ಓಣಿಗುಂಟ ಇಳಿದು ಹೋದರು. ಒಂದೊಂದು ಕಲೆಯ ಮೇಲೂ ಕಾಲಿಡದ ಹಾಗೆ ದಾಟಿಕೊಂಡು ಹೋಗುವುದು ಅವರ ಅಭ್ಯಾಸ. ಅಂದು ಹಾಗೆ ದಾಟಲಿಲ್ಲ, ನಡುವೆಯೇ ನಡೆದು ಹೋದರು. ತಿಂಗಳ ಕೊನೆಗೆ ಅವರನ್ನು ಬೀಳ್ಕೊಟ್ಟಾಗ ಗೋಡೆಯ ಮೇಲೆ ತೂಗುಹಾಕಿದ ನಕ್ಷೆಯಲ್ಲಿ ಆ ಜಾಗ ಹಾಗೇ ಬಿಳಿ ಉಳಿದಿತ್ತು. ಹೊಸಬರು ಬರುತ್ತಾರೆ. ಅವರು ಹೇಗೋ ಗೊತ್ತಿಲ್ಲ. ನಾನು ಈಗಲೂ ಅಕ್ಕಿ ಡಬ್ಬವನ್ನು ಗುಡಿಸುವಾಗ ಕೂಡ ಸರಿಸುವುದಿಲ್ಲ.

ಆ ಸಂಜೆ ಇವರು ಬರುವಾಗ ನಾನಿನ್ನೂ ತಟ್ಟೆ ತೊಳೆದಿರಲಿಲ್ಲ. ಚಪ್ಪಲಿ ಬಿಡುತ್ತಲೇ, ಯಾರು ಬಂದಿದ್ದರು ಎಂದು ಕೇಳಿದರು. ಸರ್ ಬಂದಿದ್ದರು, ಚಾ ಕುಡಿದು ದೋಸೆ ತಿಂದು ಹೋದರು ಎಂದೆ. ಇವರ ಕಣ್ಣು ಡಬ್ಬಕ್ಕೆ ಹೋಯಿತು, ಗುಂಡಿಗೆ ಹೋಯಿತು, ನನ್ನ ಮುಖಕ್ಕೆ ಬಂತು.

“ಎಂತ ಹೇಳಿದರು?”

“ಚಟ್ನಿ ಲಾಯ್ಕ ಉಂಟು ಅಂದರು.”

ಇವರು ನಕ್ಕರು. ಎಷ್ಟೋ ದಿನಗಳಿಂದ ಕಾಣದ ನಗು, ಕಣ್ಣಿನವರೆಗೂ ಹೋಯಿತು. ದೊಡ್ಡ ವಿದ್ವಾಂಸ, ಮೂಗಿನ ಕೆಳಗೆ ಇಟ್ಟರೂ ಕಾಣಲಿಲ್ಲವಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಬೆನ್ನು ನೇರ ಮಾಡಿ, ನೆಲದ ಮೇಲೆ ಉದ್ದಕ್ಕೆ ಕಾಲು ಚಾಚಿ ಮಲಗಿದರು. ತಮ್ಮದೇ ನೆಲ ಎಂಬ ಹಾಗೆ ಮಲಗಿದರು. ಸರ್ ಎಲ್ಲ ಕಂಡೂ ಬಿಟ್ಟು ಹೋದರು ಎಂದು ಹೇಳಬೇಕಾಗಿತ್ತು. ಹೇಳಿದರೆ ಈ ನೆಲ ಇನ್ನು ಇವರಿಗೆ ಇನ್ನೊಬ್ಬರು ಬಿಟ್ಟುಕೊಟ್ಟ ನೆಲವಾಗುತ್ತದೆ, ಕಚೇರಿ ಎರಡು ಸಲ ಕೊಟ್ಟ ಮನೆಗಳ ಹಾಗೆ ಇದೂ ಒಂದು. ಸರ್ ಅವರ ತಟ್ಟೆ ತೊಳೆದು ಬೋರಲು ಹಾಕಿದೆ. ಇವರಿಗೂ ಹೇಳುವುದು ಬೇಡ, ಇನ್ನಾರಿಗೂ ಬೇಡ ಎಂದು ಅಲ್ಲಿಯೇ ತೀರ್ಮಾನ ಮಾಡಿಕೊಂಡು, ರಾತ್ರಿಗೆ ಅಕ್ಕಿ ತೆಗೆಯಲು ಡಬ್ಬದ ಮುಚ್ಚಳ ಎತ್ತಿದೆ.